ದೊಡ್ಡವ್ವ ತಂದಿಟ್ಟದ್ದು

ಹುಲ್ಲಿನಲ್ಲಿ ಮುಚ್ಚಿಟ್ಟ ಬಾಳೆಗೊನೆ ಹಣ್ಣಾಗುವ ವಾಸನೆ ಆ ಅರಿವೆಯಲ್ಲಿ ಇನ್ನೂ ಉಳಿದಿತ್ತು. ಚಂದಮ್ಮ ಅದನ್ನು ಮೂಗಿಗೆ ಒತ್ತಿಕೊಂಡು ಒಂದು ಗಳಿಗೆ ಹಾಗೆಯೇ ಕುಳಿತಳು. ಹೊಗೆ, ಒಣಹುಲ್ಲು, ಅವೆರಡರ ನಡುವೆ ಸಣ್ಣಗೆ ಹುಳಿ ತಿರುಗಿದ ಸಿಹಿ. ಕಮಲಾಪುರದ ತವರುಮನೆಯ ಹಿಂದಿನ ಕೋಣೆ ವರ್ಷವಿಡೀ ಹೀಗೇ ಘಮಿಸುತ್ತಿತ್ತು. ಸಣ್ಣವಳಿದ್ದಾಗ ಬಿಸಿಲ ಹೊತ್ತಿನಲ್ಲಿ ಅಲ್ಲಿ ಹೋಗಿ ಮಲಗಿದರೆ, ಕೆಂಪು ಬಾಳೆಯ ಗೊನೆಗಳು ಹುಲ್ಲಿನ ಕೆಳಗೆ ಮೆಲ್ಲಗೆ ಉಸಿರಾಡುತ್ತಿವೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಎರಡು ತಿಂಗಳ ಹಿಂದೆ ಸೀಮಂತದ ಕುಬಸಕ್ಕೆ ಬಂದಾಗ ಅವ್ವ ಹಣ್ಣು ಕಟ್ಟಿ ತಂದ ಅರಿವೆ ಅದು. ಒಗೆಯಲು ಮನಸ್ಸು ಬಂದಿರಲಿಲ್ಲ. ಈಗ ಅದರಲ್ಲೇ ಎರಡು ಸೀರೆ, ಹುಟ್ಟುವ ಕೂಸಿಗೆ ಒಂದು ಕುಂಚಿಗೆ, ಹಳೆಯ ಮೆತ್ತನೆ ಧೋತರದ ತುಂಡುಗಳನ್ನು ಕಟ್ಟಿಕೊಳ್ಳುತ್ತಿದ್ದಳು. ಒಂಬತ್ತು ತಿಂಗಳಲ್ಲಿ ಬಿದ್ದಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲಿ. ಅಪ್ಪ ಮಧ್ಯಾಹ್ನದೊಳಗೆ ಗಾಡಿ ತರುವವನಿದ್ದ.

ಗಂಟು ಮಾತ್ರ ಕಟ್ಟಲು ಆಗುತ್ತಿರಲಿಲ್ಲ. ನಾಲ್ಕು ಮೂಲೆ ಕೂಡಿಸುವಷ್ಟರಲ್ಲಿ ಒಂದು ಬೆಕ್ಕಿನ ಮರಿ ಒಳಗೆ ಹೊಕ್ಕಿರುತ್ತಿತ್ತು. ಅದನ್ನು ಎತ್ತಿ ಹೊರಗಿಟ್ಟರೆ ಇನ್ನೊಂದು ಕುಂಚಿಗೆಯ ಲಾಡಿ ಹಿಡಿದು ಹಿಂದಕ್ಕೆ ಜಗ್ಗುತ್ತಿತ್ತು. ಮೂರನೆಯದು ಚಂದಮ್ಮನ ಜಡೆಯ ತುದಿಗೆ ಹೊಂಚು ಹಾಕಿ ಕುಳಿತಿತ್ತು.

ಕಲಬುರಗಿಯ ಬ್ರಹ್ಮಪುರದ ಆ ಗಂಡನ ಮನೆಗೆ ಜನ ಬೆಕ್ಕಿನ ಮನೆ ಎಂದೇ ಹೇಳುತ್ತಿದ್ದರು. ಮಾವ ಅಣವೀರಪ್ಪನವರದು ಗಂಜ್ ಮಾರುಕಟ್ಟೆಯಲ್ಲಿ ತೊಗರಿಯ ವ್ಯಾಪಾರ. ಚೀಲಗಳಿಗೆ ಇಲಿ ಬೀಳಬಾರದೆಂದು ಒಂದು ಹೆಣ್ಣು ಬೆಕ್ಕು ತಂದಿದ್ದರು. ಹರಿದ ಕಿವಿಯ ಆ ಬೂದು ಬೆಕ್ಕೇ ಈಗ ದೊಡ್ಡವ್ವ. ಅದರ ಹಿಂದೆ ಮಸಿ ಎಂಬ ಕರಿ ಬೆಕ್ಕು, ದಿನವಿಡೀ ಗೋಡೆಯ ಮೇಲೆ ಠಳಾಯಿಸುವ ಪಟ್ಟೆಯ ಗಂಡು ಕೊತ್ವಾಲ, ಈಗ ಈ ಮೂರು ಮರಿಗಳು. ಇವೆಲ್ಲ ಅತ್ತೆ ಕಸ್ತೂರಿಬಾಯಿಯ ಸಂಸಾರ. ಬೆಕ್ಕುಗಳಿಗೆ ಹಾಲು ಹಾಕದೆ ಅವರು ಬಾಯಿಗೆ ನೀರು ಹಾಕುತ್ತಿರಲಿಲ್ಲ.

ಮರಿಗಳಿಂದ ಗಂಟನ್ನು ಉಳಿಸಿ ಪೆಟ್ಟಿಗೆಯ ಮೇಲಿಟ್ಟು, ಚಂದಮ್ಮ ತನ್ನ ಕೌದಿ ಮಡಿಚಲು ಬಾಗಿದಳು. ಕೌದಿಯ ತುದಿಯಲ್ಲಿ, ಅವಳು ರಾತ್ರಿ ತಲೆ ಇಟ್ಟಿದ್ದ ಕಡೆ, ಒಂದು ಇಲಿ ಸತ್ತು ಬಿದ್ದಿತ್ತು.

ರಕ್ತವಿರಲಿಲ್ಲ. ಗಾಯವಿರಲಿಲ್ಲ. ಬಾಲ ಹೊಟ್ಟೆಯ ಸುತ್ತ ಅಚ್ಚುಕಟ್ಟಾಗಿ ಮಡಚಿಕೊಂಡಿತ್ತು, ನಿದ್ದೆಹೋದ ಹಾಗೆ.

ಅವಳು ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಆತುಕೊಂಡಳು. ಪ್ಲೇಗಿನ ಆ ಚಳಿಗಾಲದಲ್ಲಿ ‘ಇಲಿ ಬಿತ್ತು’ ಎಂಬ ಎರಡು ಶಬ್ದಕ್ಕೆ ಊರೇ ಬೆದರುತ್ತಿತ್ತು. ಇಲಿ ಬಿದ್ದ ಎಂಟು ದಿನಕ್ಕೆ ಮನುಷ್ಯರ ಬಗಲಲ್ಲಿ ಗಂಟು ಏಳುತ್ತಿತ್ತು. ಇಲಿ ಬಿದ್ದ ಮನೆಯವರು ಅದೇ ದಿನ ಮನೆ ಬಿಟ್ಟು ಊರ ಹೊರಗಿನ ಜೋಪಡಿಗೆ ಹೋಗಬೇಕು, ಹದಿನೈದು ದಿನ ಎಲ್ಲಿಗೂ ಹೋಗಕೂಡದು ಎಂದು ಸರ್ಕಾರದ ಹುಕುಂ ಆಗಿತ್ತು. ಸುತ್ತಲಿನ ಹಳ್ಳಿಗಳು ಕಲಬುರಗಿಯ ಜನರನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಕಮಲಾಪುರದ ಗೌಡರೂ ಬೇಡವೆಂದಿದ್ದರು. ಆಗ ಅಪ್ಪ ದೇವೀಂದ್ರಪ್ಪ ಚಾವಡಿಯಲ್ಲಿ ನಿಂತು, ‘ನಮ್ಮ ಬೀಗರ ಮನ್ಯಾಗ ಇಲಿ ಬಿದ್ದಿಲ್ಲ’ ಎಂದು ಕೊರಳ ಲಿಂಗ ಮುಟ್ಟಿ ಹೇಳಿ ಮಗಳನ್ನು ಕರೆತರಲು ಒಪ್ಪಿಗೆ ಪಡೆದಿದ್ದ.

ಮೂಲೆಯಲ್ಲಿ ಕಸಬರಿಗೆ ಇತ್ತು. ಹಿತ್ತಲ ಬಾಗಿಲು ತೆರೆದಿತ್ತು. ಒಂದು ಸಲ ತಳ್ಳಿದರೆ ಸಾಕು, ಉಳಿದದ್ದನ್ನು ಕೊತ್ವಾಲ ನೋಡಿಕೊಳ್ಳುತ್ತಿದ್ದ. ಚಂದಮ್ಮ ಕಸಬರಿಗೆ ಕೈಗೆ ತೆಗೆದುಕೊಂಡಳು ಕೂಡ. ಮತ್ತೆ ಅದನ್ನು ಅಲ್ಲೇ ಇಟ್ಟು ಕೂಗಿದಳು.

"ಅತ್ತೀ, ಇಲ್ಲಿ ಬರ್ರಿ."

ಕಸ್ತೂರಿಬಾಯಿ ಹಾಲಿನ ತಂಬಿಗೆ ಹಿಡಿದುಕೊಂಡೇ ಬಂದರು. "ಏನಾತವ್ವಾ? ಬ್ಯಾನಿ ಸುರು ಆಗ್ಯಾವೇನು?"

ಚಂದಮ್ಮ ಬೆರಳು ತೋರಿಸಿದಳು. ಕಸ್ತೂರಿಬಾಯಿ ದೂರದಿಂದಲೇ ಕತ್ತು ಚಾಚಿ ನೋಡಿದರು. "ನಮ್ಮ ಬೆಕ್ಕು ಹಿಡದಿರ್ಬೇಕ ತಗಿ" ಎಂದರು. ಆದರೆ ಹಾಗೆ ಹೇಳುತ್ತಿರುವಾಗಲೇ ಅವರ ದನಿ ಸಣ್ಣದಾಯಿತು. "ನಮ್ಮವು ಹಿಡದ್ರ ಬಾಲ ಬಿಟ್ಟು ಮತ್ತೇನೂ ಉಳಸಂಗಿಲ್ಲ. ಇದು ಹಂಗೇ ಅದ."

ಕಸ್ತೂರಿಬಾಯಿ ಹಿಂದೆ ತಿರುಗಿ ಪಡಸಾಲೆಯ ಕಡೆಯ ಬಾಗಿಲು ಮುಂದೆ ಮಾಡಿದರು.

"ಯಾರರೆ ನೋಡ್ಯಾರೇನು?"

"ನಾ ನೋಡೀನ್ರಿ."

"ನೀ ಒಬ್ಬಾಕಿ, ನಾ ಒಬ್ಬಾಕಿ. ಕೇಳಿಲ್ಲಿ. ಗಾಡಿ ಇನ್ನೊಂದು ತಾಸಿಗಿ ಬರ್ತದ. ನೀ ಕುಂತು ಹೋಗಿಬಿಡು. ಗಾಡಿ ಊರು ದಾಟಿದ ಮ್ಯಾಲ ನಾ ಬಾಯಿ ಮಾಡ್ತೀನಿ. ಒಂದು ತಾಸಿನ ಮಾತು, ಏನ್ ಮಹಾ!"

ಸುಳ್ಳಿನ ರೂಢಿ ಇಲ್ಲದ ಕಸ್ತೂರಿಬಾಯಿ ಕೈಯಲ್ಲಿದ್ದ ತಂಬಿಗೆಯನ್ನೇ ಮರೆತಿದ್ದರು; ಅದು ವಾಲಿ ಹಾಲು ತುಳುಕಿತು. ಮೂರೂ ಮರಿಗಳು ಒಂದರ ಮೇಲೊಂದು ಬಿದ್ದು ನೆಕ್ಕಲು ಓಡಿದವು.

ಚಂದಮ್ಮ ಪೆಟ್ಟಿಗೆಯ ಮೇಲಿನ ಗಂಟಿನ ಕಡೆ ನೋಡಿದಳು. ಅತ್ತೆ ಹೇಳುತ್ತಿರುವುದು ತನ್ನ ಸಲುವಾಗಿ ಎಂದು ಅವಳಿಗೆ ಗೊತ್ತಿತ್ತು. ಹೆಣ್ಣುಮಕ್ಕಳನ್ನು ಹೆರದ ಅತ್ತೆ, ಬಾಣಂತನ ತನಗೆ ಗೊತ್ತಿಲ್ಲವೆಂದು ಹಗಲೆಲ್ಲ ಹೇಳಿಕೊಳ್ಳುತ್ತಿದ್ದರು. ಗಂಡ ಕಲ್ಯಾಣಪ್ಪ ಹೈದರಾಬಾದಿಗೆ ಬೇಳೆ ಕಳಿಸಲು ಹೋದವನು ವಾಡಿ ಸ್ಟೇಷನ್ನಿನ ಪ್ಲೇಗ್ ತಪಾಸಣೆಯಲ್ಲಿ ಸಿಕ್ಕಿಕೊಂಡಿದ್ದ. ಅವಳಿಗೆ ಈಗ ಬೇಕಾಗಿದ್ದುದು ಅವ್ವ ಒಬ್ಬಳೇ.

"ಅಪ್ಪ ಲಿಂಗ ಮುಟ್ಟಿ ಹೇಳ್ಯಾನ್ರಿ ಅತ್ತಿ" ಎಂದಳು. "ಮತ್ತ ಅಲ್ಲಿ ಮನ್ಯಾಗ ಏಳು ಮಂದಿ ಅದಾರ. ಸಣ್ಣ ತಮ್ಮಗ ಇನ್ನೂ ನಡಿಯಾಕ ಸುದ್ದಾ ಬರಂಗಿಲ್ಲ."

ಕಸ್ತೂರಿಬಾಯಿ ಅವಳ ಮುಖವನ್ನೇ ನೋಡಿದರು. ಆಮೇಲೆ ಹೋಗಿ ಬಾಗಿಲು ಪೂರ್ತಿ ತೆರೆದರು.

"ಏನ್ರೀ, ಪೂಜಿ ಆತೇನು? ಸ್ವಲ್ಪ ಒಳಗ ಬರ್ರಿ" ಎಂದು ಗಂಡನನ್ನು ಕರೆದರು.

ಅಣವೀರಪ್ಪ ಬಂದು ನೋಡಿದರು. ವಿಭೂತಿಯ ಬೆರಳುಗಳನ್ನು ಧೋತರಕ್ಕೆ ಒರೆಸಿಕೊಂಡು, ರುಮಾಲು ಸುತ್ತಿ, ಪ್ಲೇಗಿನ ಜಮಾದಾರನಿಗೆ ಹೇಳಿಬರುತ್ತೇನೆಂದು ಹೊರಟರು.

ಜಮಾದಾರ ಬುರ್ಹಾನುದ್ದೀನ್ ಇಬ್ಬರು ಆಳುಗಳೊಡನೆ ಬಂದ. ಮೋಮಿನಪುರದವನು; ಬಿಳಿ ಗಡ್ಡ, ಖಾಕಿ ಕೋಟು, ಬಗಲಲ್ಲಿ ಕಟ್ಟು ಹಾಕಿದ ದಫ್ತರ. ಬಿದ್ದ ಇಲಿಯನ್ನು ಯಾರೂ ಮುಟ್ಟಕೂಡದೆಂದು ಕಟ್ಟಪ್ಪಣೆ ಇತ್ತು. ಆಳು ಅದನ್ನು ಇಕ್ಕಳದಿಂದ ಎತ್ತಿ, ಹಿತ್ತಲಲ್ಲಿ ಚಿಮಣಿ ಎಣ್ಣೆ ಹಾಕಿ ಸುಟ್ಟ. ಕೌದಿಯೂ ಅದರ ಜೊತೆ ಹೋಯಿತು. ನೆರೆಯ ನಾಲ್ಕು ಮನೆಗಳಿಗೂ ಹೊರಡುವ ಹುಕುಂ ಆಯಿತು.

"ಅಡಗಿ ಸಾಮಾನು, ಹಾಸಿಗಿ, ಅರಿವಿ ಅಷ್ಟೇ ತಗೋರಿ ಅಮ್ಮಾ" ಎಂದು ಬುರ್ಹಾನುದ್ದೀನ್ ಅಂಗಳದಲ್ಲಿ ನಿಂತು ಹೇಳಿದ. "ಬಾಕಿ ಏನೂ ನಕ್ಕೋ, ಬ್ಯಾಡ. ಬೆಕ್ಕು-ಗಿಕ್ಕು ಜಾನವಾರ ಭೀ ನಕ್ಕೋ."

ಕಸ್ತೂರಿಬಾಯಿ ತಲೆಯಾಡಿಸಿದರು. ಸ್ವಲ್ಪ ಹೊತ್ತಿಗೆ ಅವರು ಒಂದು ದೊಡ್ಡ ರೊಟ್ಟಿಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ಹೊರಗೆ ಬಂದರು. ಮೇಲೆ ಅಣವೀರಪ್ಪನವರ ಹಳೆಯ ರುಮಾಲು ಮುಚ್ಚಿತ್ತು. ರುಮಾಲು ಒಂದು ಕಡೆ ಎದ್ದಿತು, ಇಳಿಯಿತು, ಇನ್ನೊಂದು ಕಡೆ ಎದ್ದಿತು. ಒಳಗಿಂದ ಹರಿದ ಕಿವಿಯೊಂದು ಹೊರಗೆ ಬಂತು.

ಜಮಾದಾರ ಕಿವಿಯನ್ನು ನೋಡಿದ. ಕಸ್ತೂರಿಬಾಯಿಯನ್ನು ನೋಡಿದ. ಆಮೇಲೆ ಬೇವಿನ ಗಿಡದ ತುದಿಯನ್ನು ಬಹಳ ಲಕ್ಷ್ಯಗೊಟ್ಟು ನೋಡತೊಡಗಿದ.

"ರೊಟ್ಟಿ ಬಿಸಿ ಅವ ಅಂತ ಕಾಣ್ತದ" ಎಂದ. "ಹೋಗ್ರಿ, ಹೋಗ್ರಿ, ಲಗೂ ಹೋಗ್ರಿ."

ಓಣಿಯ ತುದಿಯಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಅದರ ಆಚೆ ಅಪ್ಪನ ಗಾಡಿ ಬಂದು ನಿಂತಿತ್ತು. ಒಳಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹಾಕಿ, ಒರಗಿಕೊಳ್ಳಲು ಎರಡು ದಿಂಬು ಇಟ್ಟಿದ್ದ. ದೇವೀಂದ್ರಪ್ಪನಿಗೆ ಯಾರೋ ವಿಷಯ ಹೇಳಿದ್ದರು. ಎತ್ತಿನ ಹಗ್ಗ ಹಿಡಿದು ನಿಂತಿದ್ದ.

"ಆರಾಮ ಇದ್ದೀಯೇನವ್ವಾ?"

"ಆರಾಮ ಅದೀನಪ್ಪಾ."

"ಊಟ ಆತೇನು?"

"ಇಲ್ಲ. ಆಗ್ತದ."

ಅವನು ಗಾಡಿಯಿಂದ ಬಾಳೆಹಣ್ಣಿನ ಬುಟ್ಟಿ ಇಳಿಸಿ, ಗೆರೆಯ ಹತ್ತಿರ ಇಟ್ಟು, ಹತ್ತು ಹೆಜ್ಜೆ ಹಿಂದೆ ಹೋದ. ಆಗ ಅಣವೀರಪ್ಪ ಮುಂದೆ ಬಂದು ಬುಟ್ಟಿ ಎತ್ತಿಕೊಂಡರು. ಬೀಗರಿಬ್ಬರೂ ದೂರದಿಂದಲೇ ಕೈ ಮುಗಿದರು. ದೇವೀಂದ್ರಪ್ಪ ಎತ್ತಿನ ಕೊರಳು ಸವರುತ್ತ, ಮಗಳ ಕಡೆ ಬೆನ್ನು ಮಾಡಿಯೇ ಹೇಳಿದ:

"ನೀನೇ ಹೇಳಿದೆಂತ. ಛಲೋ ಮಾಡಿದೆವ್ವ."

ಖಾಲಿ ಗಾಡಿ ತಿರುಗಿತು. ಹಾಸಿದ ಹುಲ್ಲು ಹಿಂದಿನಿಂದ ದಾರಿಯುದ್ದಕ್ಕೂ ಉದುರುತ್ತ ಹೋಯಿತು.

ಊರ ಹೊರಗೆ, ತೊಗರಿ ಕೊಯ್ದ ಹೊಲವೊಂದರಲ್ಲಿ ಜೋಪಡಿಗಳನ್ನು ಹಾಕಿದ್ದರು. ಜೋಳದ ಒಣದಂಟಿನ, ಕಣಕಿಯ ಗೋಡೆ, ಹುಲ್ಲಿನ ಮಾಡು. ಹೊಲಕ್ಕೆ ಸುತ್ತಲೂ ಮುಳ್ಳುಬೇಲಿ. ಒಳಗೆ ಬರಲು ಒಂದೇ ದಾರಿ. ಆ ದಾರಿಯ ಬಾಯಲ್ಲಿ ಒಂದು ಹಾಸುಗಲ್ಲು ಇತ್ತು. ಹೊರಗಿನವರು ತರುವ ಹಿಟ್ಟು, ಎಣ್ಣೆ, ಬುತ್ತಿ ಎಲ್ಲವನ್ನೂ ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿಯಬೇಕು. ಅವರು ಸರಿದ ಮೇಲೆ ಒಳಗಿನವರು ಹೋಗಿ ತರಬೇಕು. ಕೈಯಿಂದ ಕೈಗೆ ಏನನ್ನೂ ಕೊಡುವಂತಿರಲಿಲ್ಲ. ಎರಡು ದಿನದಲ್ಲಿ ಇದು ಎಲ್ಲರಿಗೂ ರೂಢಿಯಾಯಿತು. ಕಲ್ಲಿನ ಮೇಲೆ ಬುತ್ತಿ ಇಟ್ಟು, ದೂರ ಹೋಗಿ ನಿಂತು, ಒಳಗಿನವರು ಬಿಚ್ಚಿ ನೋಡುವ ತನಕ ಕಾಯುವವರೂ ಇದ್ದರು.

ಮಗ್ಗುಲ ಜೋಪಡಿ ನೆರೆಮನೆಯ ಸಾವಿತ್ರಿಬಾಯಿಯದು. ಮನೆಯಲ್ಲಿ ಹಪ್ಪಳ ಒಣಹಾಕಿ ಬಂದಿದ್ದಾಕೆ. ಅದರ ಸಿಟ್ಟು ಇಳಿದಿರಲಿಲ್ಲ.

"ಅಲ್ರೀ ಕಸ್ತೂರಿಬಾಯಿ, ಓಣ್ಯಾಗ ಎಲ್ಲಾರ ಮನಿ ಬಿಟ್ಟು ನಿಮ್ಮ ಬೆಕ್ಕಿನ ಮನ್ಯಾಗೇ ಇಲಿ ಬೀಳ್ತದ ಅಂದ್ರ ಏನ್ ಹೇಳ್ಬೇಕು? ನಿಮ್ಮ ಕೊತ್ವಾಲ ಎಲ್ಲಿ ಹೋಗಿದ್ದ?"

"ಅಂವಾ ನಿಮ್ಮ ಮನಿ ಹಾಲಿನ ಗಡಗಿ ಕಾಯಾಕ ಹೋಗಿದ್ದ್ರಿ" ಎಂದರು ಕಸ್ತೂರಿಬಾಯಿ.

"ಅದಕ್ಕೇ ದಿನಾ ಗಡಗಿ ಖಾಲಿ ಆಗ್ತಿತ್ತು!"

ಕೊತ್ವಾಲ ಮತ್ತು ಮಸಿ ಮನೆಯಲ್ಲೇ ಉಳಿದಿದ್ದವು. ಕರೆದರೂ ಗೋಡೆ ಇಳಿದಿರಲಿಲ್ಲ. ಕಸ್ತೂರಿಬಾಯಿ ಮೊದಲ ಎರಡು ದಿನ ಅದಕ್ಕಾಗಿಯೇ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಹಾಜರಿ ತೆಗೆದುಕೊಳ್ಳಲು ಬಂದ ಬುರ್ಹಾನುದ್ದೀನ್ ದಫ್ತರ ಮುಚ್ಚಿ, ಹೋಗುತ್ತ ಹೋಗುತ್ತ ಹೇಳಿದ:

"ನಿಮ್ಮ ಕೊತ್ವಾಲ್ ಸಾಹೇಬ್ರು ಗ್ವಾಡಿ ಮ್ಯಾಲ ಡ್ಯೂಟಿ ಮಾಡಾಕತ್ತಾರ ಅಮ್ಮಾ. ಮೂರೂ ದಿನ ನನ್ನ ಬುತ್ತಿದಾಗಿನ ಒಂದು ತುಕಡಾ ಹಾಕೀನಿ. ಕರಿ ಬೆಕ್ಕಿಗಿ ನಾಚಿಕಿ ಭಾಳ. ನಾ ತಿರುಗಿ ನಿಂತ್ರ ತಿಂತದ."

ಜೋಪಡಿಯಲ್ಲಿ ಮರಿಗಳಿಗೆ ಹೊಸ ಲೋಕ ಸಿಕ್ಕಿತ್ತು. ಕಣಕಿಯ ಗೋಡೆ ಹತ್ತಿ ಮಾಡಿನ ಹುಲ್ಲಿನಲ್ಲಿ ಹೊಕ್ಕು, ಕೆಳಗೆ ಕುಳಿತವರ ತಲೆಯ ಮೇಲೆ ಉದುರುತ್ತಿದ್ದವು. ಜೋಳದ ಒಣಗರಿ ಗಾಳಿಗೆ ಅಲ್ಲಾಡಿದರೆ ಮೂರೂ ಒಮ್ಮೆಗೇ ಹಾರುತ್ತಿದ್ದವು. ಒಂದು ದಿನ ಸಾವಿತ್ರಿಬಾಯಿಯ ಜಪಮಣಿಯ ಚೀಲದೊಳಗೆ ಒಂದು ಮರಿ ನಿದ್ದೆಹೋಗಿ, ಆಕೆ ಕೈ ಹಾಕಿದಾಗ ಬೆರಳು ನೆಕ್ಕಿತು. ಆಕೆ ಬಯ್ದಳು, ಕೂಗಿದಳು; ಆದರೆ ಮರಿ ಏಳುವ ತನಕ ಚೀಲ ಮುಟ್ಟಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಬಂದಿದ್ದ ಜನ ಸಂಜೆಯಾದರೆ ಬೆಕ್ಕಿನ ಆಟ ನೋಡಲು ಇವರ ಜೋಪಡಿಯ ಮುಂದೆ ಕೂಡುತ್ತಿದ್ದರು. ಯಾರಿಗೂ ಜ್ವರ ಬರಲಿಲ್ಲ. ಬುರ್ಹಾನುದ್ದೀನ್ ಪ್ರತಿದಿನ ಬಗಲು ಮುಟ್ಟಿ ನೋಡಿಕೊಳ್ಳಲು ಹೇಳಿ, ಪ್ರತಿದಿನ ‘ಶುಕ್ರ್ ಹೈ’ ಎಂದು ದೇವರನ್ನು ನೆನೆದು ಬರೆದುಕೊಂಡು ಹೋಗುತ್ತಿದ್ದ.

ಚಂದಮ್ಮ ದಿನ ಎಣಿಸುತ್ತಿದ್ದಳು. ಹದಿನೈದು ದಿನ ಮುಗಿಯುವುದು ಎಳ್ಳಮಾವಾಸ್ಯೆ ಕಳೆದು ಮೂರು ದಿನಕ್ಕೆ. ಅಲ್ಲಿಯ ತನಕ ಹೊಟ್ಟೆಯೊಳಗಿನದು ಸುಮ್ಮನಿದ್ದರೆ, ಆಮೇಲೆ ಗೌಡರು ಬಿಟ್ಟರೆ, ಕಮಲಾಪುರ ಮುಟ್ಟಬಹುದು. ಸೂಲಗಿತ್ತಿ ಬಂಡಮ್ಮ ಬೇಲಿಯ ಆಚೆಯಿಂದ ಅವಳನ್ನು ಮೇಲಿಂದ ಕೆಳಗೆ ನೋಡಿ, "ಹೊಟ್ಟಿ ಇಳದದ. ಕರಿಯಾಕ ಕಳಸ್ರಿ, ನಾ ಒಳಗ ಬರ್ತೀನಿ. ಆದ್ರ ತವರಿನ ಆಸೆ ಭಾಳ ಇಟ್ಕೋಬ್ಯಾಡ" ಎಂದು ಹೇಳಿ ಹೋಗಿದ್ದಳು.

ಒಂಬತ್ತನೆಯ ದಿನ ಬೆಳಗಿನಲ್ಲಿ ಮುಖ ತೊಳೆದುಕೊಂಡು ಬಂದ ಚಂದಮ್ಮ ಜೋಪಡಿಯ ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಹಾಸಿಗೆಯ ತಲೆದಿಂಬಿನ ಹತ್ತಿರ ಒಂದು ಇಲಿ ಬಿದ್ದಿತ್ತು. ರಕ್ತವಿಲ್ಲ, ಗಾಯವಿಲ್ಲ. ಬಾಲ ಹೊಟ್ಟೆಯ ಸುತ್ತ ಮಡಚಿಕೊಂಡಿತ್ತು.

ಇಲ್ಲಿಯೂ ಬಿತ್ತೆಂದರೆ ಇವತ್ತಿನಿಂದ ಮತ್ತೆ ಹದಿನೈದು ದಿನ. ಎಲ್ಲರಿಗೂ.

ಅವಳ ಹಿಂದೆ ಸಾವಿತ್ರಿಬಾಯಿ ಇಣುಕಿ, "ಅಯ್ಯಯ್ಯೋ, ಇಲಿ ಬಿದ್ದದರ್ಯೋ!" ಎಂದು ಚೀರಿದಳು. ಜನ ಓಡಿಬಂದರು. ಕಸ್ತೂರಿಬಾಯಿ ಅವರನ್ನೆಲ್ಲ ಸರಿಸಿ ಒಳಗೆ ಹೋದವರು ಇಲಿಯನ್ನು ನೋಡಲಿಲ್ಲ. ಅದರಿಂದ ಗೇಣು ದೂರದಲ್ಲಿ ಕುಳಿತ ದೊಡ್ಡವ್ವನನ್ನು ನೋಡಿದರು. ಮುಂಗಾಲು ಜೋಡಿಸಿ, ಬೆನ್ನು ನೆಟ್ಟಗೆ ಮಾಡಿ, ಅದು ಚಂದಮ್ಮನನ್ನೇ ದಿಟ್ಟಿಸುತ್ತಿತ್ತು. ಒಂದು ಸಲ ಇಲಿಯನ್ನು ಮೂಗಿನಿಂದ ಅವಳ ಕಡೆ ತಳ್ಳಿತು. ಮತ್ತೆ ಕಾಯತೊಡಗಿತು.

ಕಸ್ತೂರಿಬಾಯಿ ಒಂದು ಕಡ್ಡಿ ತೆಗೆದುಕೊಂಡು ಕುಕ್ಕುರುಗಾಲಲ್ಲಿ ಕುಳಿತು, ಇಲಿಯ ಕತ್ತಿನ ಕೂದಲು ಬಿಡಿಸಿದರು. ಕೂದಲು ಇನ್ನೂ ಎಂಜಲಿಗೆ ಒದ್ದೆಯಾಗಿತ್ತು. ಕೆಳಗೆ ಸೂಜಿ ಚುಚ್ಚಿದಷ್ಟು ಸಣ್ಣ ಎರಡು ತೂತು.

"ಸಾವಿತ್ರಿಬಾಯಿ, ಬಾಯಿ ಮುಚ್ಚ್ರಿ" ಎಂದರು. "ಇದು ಬಿದ್ದ ಇಲಿ ಅಲ್ಲ. ಹೊಲದ ಇಲಿ. ಈಕಿ ಹಿಡದಾಳ."

"ಮತ್ತ ನಿಮ್ಮವು ಬಾಲ ಬಿಟ್ಟು ಏನೂ ಉಳಸಂಗಿಲ್ಲ ಅಂತಿದ್ರಿ?" ಎಂದಳು ಚಂದಮ್ಮ.

"ತಾವು ತಿನ್ನಾಕ ಹಿಡದ್ರ ಉಳಸಂಗಿಲ್ಲ. ಇದು ತನಗಂತ ತಂದಿದ್ದಲ್ಲ." ಕಸ್ತೂರಿಬಾಯಿ ನಿಧಾನವಾಗಿ ಸೊಸೆಯ ಕಡೆ ತಿರುಗಿದರು. "ಮರಿಗೋಳ ಮುಂದ ಹಿಂಗೇ ಇಡ್ತಾಳ, ನೆಕ್ಕಿ, ಬಾಲ ಮಡಚಿ. ನಿನಗ ತಂದಾಳ. ಈ ಹುಡುಗಿ ಹೊಟ್ಟಿಲಿಂದ ಅದಾಳ, ಓಡ್ಯಾಡಿ ಬ್ಯಾಟಿ ಮಾಡಾಕ ಆಗಂಗಿಲ್ಲ, ಉಪವಾಸ ಬೀಳ್ತಾಳ ಅಂತ ತಿಳ್ಕೊಂಡು ಊಟ ತಂದಿಟ್ಟಾಳ."

ಮೊದಲು ನಕ್ಕವಳು ಸಾವಿತ್ರಿಬಾಯಿ. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. "ಅಂದ್ರ ಬ್ಯಾನಿ ಇಲ್ಲ, ಏನಿಲ್ಲ! ಬೆಕ್ಕಿನ ಬುತ್ತಿಗಿ ಅಂಜಿ ಐದು ಮನಿ ಮಂದಿ ಹೊಲದಾಗ ಬಂದು ಕುಂತೀವಿ! ನನ್ನ ಹಪ್ಪಳಾ..." ಎಂದು ಅವಳು ನಕ್ಕು ಕಣ್ಣು ಒರೆಸಿಕೊಂಡಳು. ಅಣವೀರಪ್ಪನವರೂ ರುಮಾಲಿನ ತುದಿಯಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ದೊಡ್ಡವ್ವ ಎಲ್ಲರನ್ನೂ ಒಮ್ಮೆ ನೋಡಿ, ಚಂದಮ್ಮ ಉಣ್ಣುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಇಲಿಯನ್ನು ಕಚ್ಚಿಕೊಂಡು ಮರಿಗಳ ಕಡೆ ಹೊರಟಿತು.

ಚಂದಮ್ಮನೂ ನಕ್ಕಳು. ಆಮೇಲೆ ಜೋಪಡಿಯ ಹಿಂದೆ ಹೋಗಿ ಕುಳಿತು ಅತ್ತಳು. ಆ ದಿನ ಕಸಬರಿಗೆಯಿಂದ ಒಂದು ಸಲ ತಳ್ಳಿದ್ದರೆ ಇಷ್ಟು ಹೊತ್ತಿಗೆ ಹುಲ್ಲಿನ ಕೋಣೆಯ ಪಕ್ಕದಲ್ಲಿ, ಅವ್ವನ ಮಗ್ಗುಲಲ್ಲಿ ಇರುತ್ತಿದ್ದಳು. ಯಾರಿಗೂ ಏನೂ ಆಗುತ್ತಿರಲಿಲ್ಲ.

ಕಸ್ತೂರಿಬಾಯಿ ಬಂದು ಪಕ್ಕದಲ್ಲಿ ಕುಳಿತರು. ಬಹಳ ಹೊತ್ತು ನೆಲದ ತೊಗರಿಕೂಳೆ ಕೀಳುತ್ತ ಇದ್ದರು.

"ನಾನರೆ ತಿಳ್ಕೋಬೇಕಾಗಿತ್ತು. ಹನ್ನೆರಡು ವರ್ಷ ಬೆಕ್ಕು ಸಾಕೀನಿ."

"ನಿಮಗೇನ್ ಗೊತ್ತಿತ್ರಿ ಅತ್ತಿ. ನನಗೂ ಗೊತ್ತಿದ್ದಿಲ್ಲ."

"ಗೊತ್ತಿಲ್ಲದೇ ಇದ್ರೂ ಮುಚ್ಚಿಡದೇ ಹೇಳಿದೆಲ್ಲವ್ವ" ಎಂದರು ಕಸ್ತೂರಿಬಾಯಿ. ಅಷ್ಟೇ ಹೇಳಿ, ಸೊಸೆಯ ಸಡಿಲಾದ ಜಡೆ ಬಿಚ್ಚಿ ಮತ್ತೆ ಹೆಣೆಯತೊಡಗಿದರು.

ಮಧ್ಯಾಹ್ನ ಬುರ್ಹಾನುದ್ದೀನ್ ಬಂದಾಗ ಅಣವೀರಪ್ಪ ಎಲ್ಲವನ್ನೂ ಹೇಳಿದರು. ಅವನು ಗಡ್ಡ ನೇವರಿಸಿಕೊಂಡು ಕೇಳಿದ, ನಕ್ಕ, ಮತ್ತೆ ನಿಟ್ಟುಸಿರು ಬಿಟ್ಟ.

"ಈ ಇಲಿಗಿ ಗಾಯ ಅದ, ಸಾಹುಕಾರ್, ಒಪ್ಪಿದೆ. ಆದ್ರ ಮೊದಲನೇ ಇಲಿ ಸುಟ್ಟು ಬೂದಿ ಆಗ್ಯದ. ಬೂದಿದಾಗ ಗಾಯ ಎಲ್ಲಿ ನೋಡ್ಲಿ? ದಫ್ತರದಾಗ ‘ಬಿದ್ದದ’ ಅಂತ ಬರದೀನಿ. ಹದಿನೈದು ಅಂದ್ರ ಹದಿನೈದು." ದನಿ ತಗ್ಗಿಸಿ ಹೇಳಿದ: "ಮತ್ತೊಂದು ಮಾತು. ಟೇಸನ್ ಕಡೆ ಮೊನ್ನೆ ಖರೇನೇ ಇಲಿ ಬಿದ್ದಾವ. ಕಮಲಾಪುರದವರು ಊರ ಅಗಸಿ ಬಾಗಲಕ್ಕ ಮುಳ್ಳು ಹಚ್ಚ್ಯಾರ. ಹದಿನೈದು ಮುಗುದ್ರೂ ಬೇಟಿನ್ನ, ನಿಮ್ಮ ಸೊಸೀನ್ನ, ಒಳಗ ಬಿಡಂಗಿಲ್ಲ."

ಚಂದಮ್ಮ ಜೋಪಡಿಯೊಳಗಿಂದ ಇದನ್ನು ಕೇಳಿಸಿಕೊಂಡಳು. ಗಂಟು ಬಿಚ್ಚಿ ಕುಂಚಿಗೆ, ಧೋತರದ ತುಂಡುಗಳನ್ನು ಒಂದೊಂದಾಗಿ ತೆಗೆದು ಕಣಕಿಯ ಗೋಡೆಗೆ ಸಿಕ್ಕಿಸಿಟ್ಟಳು. ಹೆರಿಗೆ ಇನ್ನು ಇಲ್ಲೇ ಎಂದಾದ ಮೇಲೆ ಕೈಗೆ ಸಿಗುವ ಹಾಗೆ ಇರಲಿ. ಬರಿದಾದ ಅರಿವೆಯನ್ನು ಮಡಿಚಿ ದಿಂಬಿನ ಕೆಳಗೆ ಇಟ್ಟುಕೊಂಡಳು.

ಹೊರಗೆ ಬುರ್ಹಾನುದ್ದೀನ್ ಇನ್ನೂ ನಿಂತಿದ್ದ. "ನಾಳೆ ತಪಾಸಣಿಗಿ ಕಮಲಾಪುರ ಕಡೆ ಹೋಗೋದದ" ಎಂದು ಯಾರಿಗೆಂದು ಹೇಳದೆ ಹೇಳಿದ. "ಏನರೆ ಮಾತು ಮುಟ್ಟಸೋದಿದ್ರ ಮುಟ್ಟಸ್ತೀನಿ."

ಚಂದಮ್ಮ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದಳು. ಹೇಳುವುದು ಬಹಳ ಇತ್ತು.

"ಆರಾಮ ಅದಾಳ ಅಂತ ಹೇಳ್ರಿ" ಎಂದಳು.

ಎಳ್ಳಮಾವಾಸ್ಯೆಯ ದಿನ ಬಿಸಿಲು ಹಿತವಾಗಿತ್ತು. ಆ ದಿನ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಸಜ್ಜೆರೊಟ್ಟಿ, ಕಾಳು-ಸೊಪ್ಪಿನ ಭಜ್ಜಿ ಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ದಾರಿಯಲ್ಲಿ ಹೋಗುವವರನ್ನೂ ಕರೆದು ಕೂಡಿಸಿಕೊಂಡು ಉಣ್ಣುತ್ತಾರೆ. "ನಾವು ಹನ್ನೆರಡು ದಿನ ಮೊದಲೇ ಹೊಲಕ್ಕ ಬಂದೀವಿ, ಅಷ್ಟೇ" ಎಂದಳು ಸಾವಿತ್ರಿಬಾಯಿ. ಹೊಲದ ಒಡೆಯ ಅಮೋಘಪ್ಪ ಬೇಲಿಯ ಆಚೆಯೇ ಸುತ್ತಿ ಚರಗ ಚೆಲ್ಲಿದ. ಒಂದು ಗಡಿಗೆ ಅಂಬಲಿಯನ್ನು ಹಾಸುಗಲ್ಲಿನ ಮೇಲೆ ಇಟ್ಟು, "ಎಲ್ಲಾರೂ ಉಣ್ರಿ" ಎಂದು ಕೂಗಿ ಹೋದ.

ಹೊತ್ತು ನೆತ್ತಿಗೆ ಬರುವಾಗ ಕಮಲಾಪುರದ ದಾರಿಯಲ್ಲಿ ಗಾಡಿಯೊಂದು ಕಾಣಿಸಿತು. ಎತ್ತಿನ ಕೋಡಿಗೆ ಕಟ್ಟಿದ ಕೆಂಪು ಅರಿವೆಯಿಂದಲೇ ಚಂದಮ್ಮನಿಗೆ ಗುರುತು ಸಿಕ್ಕಿತು. ಗಾಡಿ ಬೇವಿನ ಮರದ ಕೆಳಗೆ, ಅಷ್ಟು ದೂರದಲ್ಲಿ ನಿಂತಿತು. ಅಪ್ಪ ಇಳಿಯಲಿಲ್ಲ. ಹಿಂದಿನಿಂದ ಅವ್ವ ಇಳಿದಳು. ತಲೆಯ ಮೇಲೆ ಬುತ್ತಿಯ ಬುಟ್ಟಿ, ಬಗಲಲ್ಲಿ ಒಂದು ದೊಡ್ಡ ಗಂಟು.

ಚಂದಮ್ಮ ಬೇಗ ಬೇಗ ನಡೆಯಲಾರದೆ ಹೊಟ್ಟೆಯ ಕೆಳಗೆ ಕೈ ಕೊಟ್ಟುಕೊಂಡು ದಾರಿಯ ಬಾಯಿಗೆ ಬಂದು, ಹುಕುಮಿನ ಪ್ರಕಾರ ಕಲ್ಲಿಗೆ ಹತ್ತು ಹೆಜ್ಜೆ ಈಚೆ ನಿಂತಳು. ಕಲ್ಲಿನ ಹತ್ತಿರ ದಫ್ತರ ಬಿಚ್ಚಿಕೊಂಡು ಕುಳಿತಿದ್ದ ಬುರ್ಹಾನುದ್ದೀನ್ ಎದ್ದು ನಿಂತ.

"ಅಮ್ಮಾ, ಬುತ್ತಿ ಕಲ್ಲಿನ ಮ್ಯಾಲ ಇಟ್ಟು ಹಿಂದ ಸರೀರಿ. ಮಗಳ ಕೂಡ ಅಲ್ಲಿಂದೇ ಮಾತಾಡ್ರಿ."

ಅವ್ವ ಬುಟ್ಟಿ ಇಳಿಸಲಿಲ್ಲ. ಮಗಳನ್ನು ನೋಡಿದಳು. "ಒಳಗ ಹೋಗಬೇಕ್ರಿ" ಎಂದಳು.

"ಒಳಗ ಹೋದ್ರ ಹೆಸರು ಬರ್ಕೋಬೇಕಾಗ್ತದ, ಅಮ್ಮಾ. ನಿಮ್ಮ ಹದಿನೈದು ದಿವಸ ಇವತ್ತಿಂದ ಸುರು. ಮತ್ತ ನಿಮ್ಮೂರ ಮುಳ್ಳು ತಗಿಯೋತನ ಮನಿಗಿ ತಿರುಗಿ ಹೋಗಾಕ ಬರಂಗಿಲ್ಲ. ಸಣ್ಣ ಮಕ್ಕಳು ಅದಾರಂತಲ್ಲ?"

"ಸಣ್ಣಾವ ಅವರ ಆಯಿ, ನಮ್ಮತ್ತಿ ಹಂತ್ಯಾಕ ಅದಾನ. ಅಂವಗ ಆಯಿ ಅದಾಳ." ಅವ್ವ ಬಗಲ ಗಂಟನ್ನು ಮೇಲೆ ಜಗ್ಗಿಕೊಂಡಳು. "ಬರ್ಕೋರಿ."

"ಹೆಸರು?"

"ಗುರಬಾಯಿ."

ಬುರ್ಹಾನುದ್ದೀನ್ ಬಾಗಿ ನಿಧಾನವಾಗಿ ಬರೆದುಕೊಂಡ. ಆಮೇಲೆ ದಫ್ತರವನ್ನು ಎದೆಗೆ ಹಿಡಿದುಕೊಂಡು ದಾರಿಯಿಂದ ಒಂದು ಪಕ್ಕಕ್ಕೆ ಸರಿದು ನಿಂತ. ದೂರದಲ್ಲಿ ದೇವೀಂದ್ರಪ್ಪ ಗಾಡಿ ತಿರುಗಿಸಿದ.

ಗುರಬಾಯಿ ಹಾಸುಗಲ್ಲನ್ನು ದಾಟಿ ಬಂದಳು. ಜೋಪಡಿಯ ಮುಂದಿನ ಬಿಸಿಲಲ್ಲಿ ಕುಳಿತು, ಬುಟ್ಟಿ ಇಳಿಸಿ, ಮೇಲಿನ ಅರಿವೆಯ ಗಂಟು ಬಿಚ್ಚಿದಳು. ಹೊಗೆಯ, ಒಣಹುಲ್ಲಿನ, ಹಣ್ಣಿನ ವಾಸನೆ ಎದ್ದಿತು. ಕಸ್ತೂರಿಬಾಯಿ ಸದ್ದಿಲ್ಲದೆ ತಂಬಿಗೆ ನೀರು ತಂದಿಟ್ಟು ಒಳಗೆ ಹೋದರು. ಹಿಂದೆ, ಯಾರೂ ಏನೂ ಇಡದ ಕಲ್ಲಿನ ಮೇಲೆ ಒಂದು ಬೆಕ್ಕಿನ ಮರಿ ಹೋಗಿ ಮೈಚಾಚಿ ಮಲಗಿತ್ತು.

ಗುರಬಾಯಿ ಕೈ ತೊಳೆದುಕೊಂಡು, ಎಳ್ಳು ಹಚ್ಚಿದ ಒಂದು ಸಜ್ಜೆರೊಟ್ಟಿ ತೆಗೆದು, ಅದರ ನಡುವೆ ಭಜ್ಜಿ ಹಾಕಿ, ಮಗಳ ಕಡೆ ಚಾಚಿದಳು. ಚಂದಮ್ಮ ಎರಡೂ ಕೈ ಜೋಡಿಸಿ ಹಿಡಿದಳು. ಅವ್ವ ಅದನ್ನು ಅವಳ ಅಂಗೈಯಲ್ಲಿ ಇಟ್ಟಳು.